ಕಂಟೇನರ್‌ನಲ್ಲಿ ಪೋಸ್ಟ್‌ಗ್ರೆಸ್: ಎಬ್ಬಿಸುವುದು, ತಲುಪುವುದು, ಡೇಟಾ ಉಳಿಸಿಕೊಳ್ಳುವುದು

ಪೋಸ್ಟ್‌ಗ್ರೆಸ್ ಒಂದು ಡೇಟಾಬೇಸ್. ಕಂಟೇನರ್ ಎಂದರೆ ಒಂದು ಪ್ರೋಗ್ರಾಂ ತನಗೆ ಬೇಕಾದ ಸಾಮಾನಿನೊಂದಿಗೆ ಪ್ರತ್ಯೇಕವಾಗಿ ಓಡುವ ಪೆಟ್ಟಿಗೆ, ಅದನ್ನು ಓಡಿಸುವ ಸಾಧನ ಡಾಕರ್. ಪೋಸ್ಟ್‌ಗ್ರೆಸ್ ಕಂಟೇನರ್ ಎಬ್ಬಿಸಲು ಒಂದು ಸಾಲಿನ ಆದೇಶ ಸಾಕು. ಅದನ್ನು ಅಪ್ಲಿಕೇಶನ್‌ನಿಂದ ತಲುಪಲು ಹೋದಾಗ ಅರ್ಧ ದಿನ ಕಳೆದುಹೋಗುತ್ತದೆ. ಜೊತೆಗೆ ಕೆಲಸ ಮಾಡುವವರು 'ಸ್ವಲ್ಪ ನೋಡಿ' ಎಂದು ತಂದ ತೊಡಕುಗಳಲ್ಲಿ ಡೇಟಾಬೇಸೇ ಕೆಟ್ಟಿದ್ದು ನನಗೆ ನೆನಪಿಲ್ಲ. ಹೆಚ್ಚಿನವು ಒಂದು ಪ್ರಶ್ನೆ ಕೇಳುತ್ತಿದ್ದಂತೆ ಬಿಡಿಸಿಕೊಂಡವು: ಕರೆಯುತ್ತಿರುವವರು ಎಲ್ಲಿ ನಿಂತಿದ್ದಾರೆ?

ಲೋಕಲ್‌ಹೋಸ್ಟ್ ಎಂದರೆ 'ನಮ್ಮನೆ' ಎಂದ ಹಾಗೆ. ಯಾರು ಹೇಳಿದರೋ ಅವರ ಮನೆ. ಲ್ಯಾಪ್‌ಟಾಪ್ ಹೇಳಿದರೆ ಲ್ಯಾಪ್‌ಟಾಪ್. ಅಪ್ಲಿಕೇಶನ್ ಇರುವ ಕಂಟೇನರ್ ಹೇಳಿದರೆ ಆ ಕಂಟೇನರ್ ಮಾತ್ರ. ಡೇಟಾಬೇಸ್ ಬೇರೆ ಕಂಟೇನರ್‌ನಲ್ಲಿದ್ದರೆ ಅದು ಪಕ್ಕದ ಮನೆ. ನಮ್ಮನೆ ಬಾಗಿಲನ್ನೇ ಎಷ್ಟು ಬಡಿದರೂ ಪಕ್ಕದ ಮನೆಯವರು ಬಂದು ತೆಗೆಯುವುದಿಲ್ಲ. ಮುಂದಿನ ಹೆಜ್ಜೆಗಳಲ್ಲಿ ಬರುವ ವಿಳಾಸಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

ಇಲ್ಲಿ ಆದೇಶಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು. ಬೇರೆ ಹೇಳದಿದ್ದರೆ ಎಲ್ಲವೂ ಸಣ್ಣ ಅಕ್ಷರ. 'ಪೋಸ್ಟ್‌ಗ್ರೆಸ್_' ಎಂದು ಶುರುವಾಗುವ ಪರಿಸರ ವೇರಿಯಬಲ್‌ಗಳ ಹೆಸರು ಮಾತ್ರ ಪೂರ್ತಿ ದೊಡ್ಡ ಅಕ್ಷರ.

ಮೊದಲು: ಡಾಕರ್ ಎದ್ದಿದೆಯೇ?

ಮ್ಯಾಕ್ ಮತ್ತು ವಿಂಡೋಸ್‌ನಲ್ಲಿ ಡಾಕರ್ ಡೆಸ್ಕ್‌ಟಾಪ್, ಲಿನಕ್ಸ್‌ನಲ್ಲಿ ಡಾಕರ್ ಎಂಜಿನ್ ಹಾಕಿಕೊಂಡಿರುತ್ತೀರಿ. 'ಡಾಕರ್ ವರ್ಷನ್' ಎಂದು ಹೊಡೆಯಿರಿ. ಕ್ಲೈಂಟ್, ಸರ್ವರ್ ಎರಡರ ವಿವರವೂ ಬರಬೇಕು. ಕ್ಲೈಂಟ್ ಮಾತ್ರ ಬಂದು, ಡೀಮನ್ ಸಿಗುತ್ತಿಲ್ಲ ಎಂಬ ದೂರು ಬಂದರೆ ಹಿನ್ನೆಲೆಯ ಸೇವೆ ಶುರುವಾಗಿಲ್ಲ ಎಂದರ್ಥ. ಲಿನಕ್ಸ್‌ನಲ್ಲಿ ಪ್ರತಿ ಸಲ ಸುಡೋ ಬೇಡವೆಂದು ತಮ್ಮನ್ನು ಡಾಕರ್ ಗುಂಪಿಗೆ ಸೇರಿಸಿಕೊಳ್ಳುವವರು ಒಂದು ತಿಳಿದಿರಲಿ: ಆ ಗುಂಪಿನಲ್ಲಿರುವುದು ರೂಟ್ ಅಧಿಕಾರ (ಯಂತ್ರದ ಮೇಲೆ ಪೂರ್ತಿ ಹಿಡಿತ) ಇರುವುದಕ್ಕೆ ಸಮ. ಪಾಡ್‌ಮನ್ ಬಳಸುವವರು ಮುಂದಿನ ಆದೇಶಗಳಲ್ಲಿ ಹೆಚ್ಚಿನವನ್ನು 'ಡಾಕರ್' ಬದಲು 'ಪಾಡ್‌ಮನ್' ಎಂದು ಬರೆದರೆ ಸಾಕು.

ಹೆಜ್ಜೆ 1: ಇಮೇಜ್ ಆರಿಸುವುದು

ಕಂಟೇನರ್ ಹುಟ್ಟುವ ಅಚ್ಚೇ ಇಮೇಜ್, ಅದರ ಆವೃತ್ತಿಯ ಗುರುತೇ ಟ್ಯಾಗ್. 'ಲೇಟೆಸ್ಟ್' ಟ್ಯಾಗ್ ಬೇಡ. ಪೋಸ್ಟ್‌ಗ್ರೆಸ್‌ನ ದೊಡ್ಡ ಆವೃತ್ತಿ ವರ್ಷಕ್ಕೊಂದು ಬರುತ್ತದೆ. ಒಂದು ದೊಡ್ಡ ಆವೃತ್ತಿ ಬರೆದಿಟ್ಟ ಡೇಟಾ ಡೈರೆಕ್ಟರಿಯನ್ನು ಮುಂದಿನದು ನೇರವಾಗಿ ಓದಲಾರದು. ನಿನ್ನೆ 17 ಇದ್ದ 'ಲೇಟೆಸ್ಟ್' ಇವತ್ತು 18 ಆದರೆ, ಇಮೇಜ್ ಹೊಸದಾಗಿ ಎಳೆದ ದಿನ ಡೇಟಾಬೇಸ್ ಏಳುವುದಿಲ್ಲ. 'ಪೋಸ್ಟ್‌ಗ್ರೆಸ್:17' ಎಂದು ಸಂಖ್ಯೆ ಬರೆದೇ ಆರಿಸಿ. 17ರೊಳಗಿನ ಸಣ್ಣ ಪರಿಷ್ಕರಣೆಗಳು ಅದೇ ಡೇಟಾದ ಮೇಲೆ ನಡೆಯುತ್ತವೆ.

'ಆಲ್ಪೈನ್' ಎಂಬ ಪುಟ್ಟ ರೂಪವೂ ಇದೆ. ಹಗುರ, ನಿಜ. ಆದರೆ ಅದರ ಸಿ ಲೈಬ್ರರಿ ಬೇರೆ, ಅದರಿಂದಾಗಿ ಅಕ್ಷರಗಳನ್ನು ವಿಂಗಡಿಸುವ ಕ್ರಮವೂ ಬೇರೆಯಾಗಬಹುದು. 'ಪೋಸ್ಟ್‌ಗ್ರೆಸ್:17' ಎಂದಾಗ ಸಿಗುವ ಡೆಬಿಯನ್ ಇಮೇಜ್‌ನಲ್ಲಿ ಹುಟ್ಟಿದ ಡೇಟಾವನ್ನು ಆಲ್ಪೈನ್ ಕೈಗೆ ಕೊಟ್ಟರೆ ಪಠ್ಯ ಕಾಲಂಗಳ ಇಂಡೆಕ್ಸ್ ಸದ್ದಿಲ್ಲದೆ ತಪ್ಪು ಉತ್ತರ ಕೊಡತೊಡಗಬಹುದು. ಯಾವುದಾದರೂ ಒಂದನ್ನು ಹಿಡಿಯಿರಿ, ನಡುವೆ ಬದಲಿಸಬೇಡಿ. ನಾನು ಡೆಬಿಯನ್ ರೂಪದಲ್ಲೇ ಇದ್ದೇನೆ. ಉಳಿಯುವ ಜಾಗಕ್ಕಿಂತ ತಲೆನೋವು ದೊಡ್ಡದು.

ಹೆಜ್ಜೆ 2: ಎಬ್ಬಿಸುವುದು

ಒಂದೇ ಸಾಲಿನಲ್ಲಿ:

ಡಾಕರ್ ರನ್ -ಡಿ --ನೇಮ್ ಡಿಬಿ -ಇ ಪೋಸ್ಟ್‌ಗ್ರೆಸ್_ಪಾಸ್‌ವರ್ಡ್=ಗುಟ್ಟು -ಪಿ 127.0.0.1:5433:5432 -ವಿ ಡಿಬಿಡೇಟಾ:/ವಾರ್/ಲಿಬ್/ಪೋಸ್ಟ್‌ಗ್ರೆಸ್‌ಕ್ಯೂಎಲ್/ಡೇಟಾ ಪೋಸ್ಟ್‌ಗ್ರೆಸ್:17

'-ಡಿ' ಹಿನ್ನೆಲೆಯಲ್ಲಿ ಓಡಿಸುತ್ತದೆ, '--ನೇಮ್' ಹೆಸರಿಡುತ್ತದೆ. ಪಾಸ್‌ವರ್ಡ್ ಕೊಡದಿದ್ದರೆ ಇಮೇಜ್ ಶುರುವಾಗಲು ಒಪ್ಪುವುದಿಲ್ಲ. ಬಳಕೆದಾರನ ಹೆಸರು ಹೇಳದಿದ್ದರೆ 'ಪೋಸ್ಟ್‌ಗ್ರೆಸ್' ಎಂದೇ ಆಗುತ್ತದೆ, ಡೇಟಾಬೇಸ್‌ಗೂ ಆ ಬಳಕೆದಾರನ ಹೆಸರೇ ಬರುತ್ತದೆ. ಪರಿಸರ ವೇರಿಯಬಲ್‌ನಲ್ಲಿಟ್ಟ ಪಾಸ್‌ವರ್ಡ್ 'ಡಾಕರ್ ಇನ್‌ಸ್ಪೆಕ್ಟ್' ಮಾಡಿದವರಿಗೆಲ್ಲ ಕಾಣುತ್ತದೆ. ಅದು ಬೇಡವಾದರೆ ವೇರಿಯಬಲ್ ಹೆಸರಿನ ಕೊನೆಗೆ '_ಫೈಲ್' ಸೇರಿಸಿ, ಪಾಸ್‌ವರ್ಡ್ ಇರುವ ಫೈಲಿನ ದಾರಿ ಕೊಡಬಹುದು.

ಪೋರ್ಟ್ ವಿಷಯದಲ್ಲಿ ಸ್ವಲ್ಪ ನಿಲ್ಲೋಣ. '-ಪಿ' ನಂತರ ಮೂರು ಭಾಗಗಳಿವೆ. ಬಲತುದಿಯ 5432 ಕಂಟೇನರ್ ಒಳಗೆ ಪೋಸ್ಟ್‌ಗ್ರೆಸ್ ಕೇಳಿಸಿಕೊಳ್ಳುವ ಪೋರ್ಟ್. ನಡುವಿನ 5433 ಲ್ಯಾಪ್‌ಟಾಪ್ ಕಡೆಯ ಬಾಗಿಲು. ಎಡಗಡೆಯ 127.0.0.1 ಆ ಬಾಗಿಲು ಈ ಯಂತ್ರದವರಿಗೆ ಮಾತ್ರ ಎನ್ನುತ್ತದೆ. ಇದನ್ನು ಬಿಟ್ಟು ಬರೀ 5432:5432 ಎಂದರೆ ಡಾಕರ್ ಯಂತ್ರದ ಎಲ್ಲ ನೆಟ್‌ವರ್ಕ್ ವಿಳಾಸಗಳಲ್ಲೂ ಬಾಗಿಲು ತೆರೆಯುತ್ತದೆ. ಲಿನಕ್ಸ್‌ನಲ್ಲಿ ಯುಎಫ್‌ಡಬ್ಲ್ಯೂ ಫೈರ್‌ವಾಲ್ ಹಾಕಿದ್ದೇನೆ ಎಂದು ನೆಮ್ಮದಿಯಿಂದ ಇರುವ ಹಾಗಿಲ್ಲ. ಡಾಕರ್ ತೆರೆದ ಪೋರ್ಟ್ ಅದರ ನಿಯಮಗಳನ್ನು ಹಾದುಹೋಗುತ್ತದೆ. ಬಾಡಿಗೆ ಸರ್ವರ್‌ನಲ್ಲಿ ಹೀಗೆ ಮಾಡಿದರೆ ಡೇಟಾಬೇಸ್ ಇಡೀ ಅಂತರಜಾಲಕ್ಕೆ ಎದುರಾಗಿ ನಿಲ್ಲುತ್ತದೆ.

5433 ಯಾಕೆ ಎಂದು ಕೇಳಬಹುದು. ಎಂದೋ ಹಾಕಿ ಮರೆತ ಪೋಸ್ಟ್‌ಗ್ರೆಸ್ ಒಂದು ಲ್ಯಾಪ್‌ಟಾಪ್‌ನಲ್ಲೇ 5432 ಹಿಡಿದು ಕೂತಿರುವುದು ತುಂಬ ಸಾಮಾನ್ಯ. 'ಪೋರ್ಟ್ ಈಗಾಗಲೇ ಬಳಕೆಯಲ್ಲಿದೆ' ಎಂಬ ದೂರು ಬಂದರೆ ಅದೃಷ್ಟ. ಕೆಲವು ಯಂತ್ರಗಳಲ್ಲಿ ಎರಡೂ ತಕರಾರಿಲ್ಲದೆ ಏಳುತ್ತವೆ, ನಿಮ್ಮ ಕರೆ ಹಳೆಯದಕ್ಕೆ ಹೋಗುತ್ತದೆ. ಪಾಸ್‌ವರ್ಡ್ ಸರಿ ಇದ್ದರೂ ತಪ್ಪು ಎನ್ನುತ್ತದೆ, ಇರುವ ಬಳಕೆದಾರನನ್ನು ಇಲ್ಲ ಎನ್ನುತ್ತದೆ. ಇಂಥ ಒಂದು ಮಧ್ಯಾಹ್ನ ನಾನು ಪಾಸ್‌ವರ್ಡ್ ಅನ್ನು ಹದಿನೈದು ಸಲ ಬದಲಿಸಿದ್ದೇನೆ. ಬಾಗಿಲ ಸಂಖ್ಯೆ ಬೇರೆ ಇಟ್ಟರೆ ಈ ಗೊಂದಲಕ್ಕೆ ಎಡೆಯೇ ಇಲ್ಲ.

ಕೊನೆಯದು '-ವಿ'. 'ಡಿಬಿಡೇಟಾ' ಹೆಸರಿನ ವಾಲ್ಯೂಮ್ (ಕಂಟೇನರ್‌ನ ಹೊರಗೆ ಡಾಕರ್ ಇಟ್ಟುಕೊಳ್ಳುವ ಡೇಟಾ ಜಾಗ) ಒಂದನ್ನು ಕಂಟೇನರ್ ಒಳಗಿನ ಡೇಟಾ ಡೈರೆಕ್ಟರಿಗೆ ಜೋಡಿಸಿದ್ದೇವೆ. ಮೇಲಿನ ದಾರಿ 17 ಮತ್ತು ಅದಕ್ಕಿಂತ ಹಿಂದಿನ ಆವೃತ್ತಿಗಳಿಗೆ. 2025ರಲ್ಲಿ ಬಂದ 18ರಿಂದ ಇಮೇಜ್ ತನ್ನ ಡೇಟಾವನ್ನು ಆವೃತ್ತಿ ಸಂಖ್ಯೆಯ ಒಳಡೈರೆಕ್ಟರಿಯಲ್ಲಿ ಇಡುತ್ತದೆ. ಹಾಗಾಗಿ 18ಕ್ಕೆ ಜೋಡಿಸುವಾಗ ಕೊನೆಯ '/ಡೇಟಾ' ತೆಗೆದು '/ವಾರ್/ಲಿಬ್/ಪೋಸ್ಟ್‌ಗ್ರೆಸ್‌ಕ್ಯೂಎಲ್' ಎಂದಷ್ಟೇ ಬರೆಯಬೇಕು. ಹಳೆಯ ಲೇಖನಗಳಿಂದ ಸಾಲು ನಕಲಿಸುವವರು ಎಡವುವುದು ಇಲ್ಲೇ.

ಹೆಜ್ಜೆ 3: ಒಳಗಿಂದ ನೋಡುವುದು

'ಡಾಕರ್ ಲಾಗ್ಸ್ ಡಿಬಿ' ಹೊಡೆದು ಕೊನೆಯ ಸಾಲುಗಳನ್ನು ಓದಿ. ಸಂಪರ್ಕ ಸ್ವೀಕರಿಸಲು ಸಿದ್ಧ ಎಂಬ ಸಾಲು ಮೊದಲ ಸಲ ಎರಡು ಬಾರಿ ಕಾಣುತ್ತದೆ, ಅದು ಸಹಜ. ಮೊದಲು ತಾತ್ಕಾಲಿಕ ಸರ್ವರ್ ಒಂದು ಎದ್ದು ಬಳಕೆದಾರ, ಡೇಟಾಬೇಸ್ ಎಲ್ಲ ಸಿದ್ಧಮಾಡಿ ನಿಲ್ಲುತ್ತದೆ, ಆಮೇಲೆ ಅಸಲಿ ಸರ್ವರ್ ಏಳುತ್ತದೆ. ಈ ವಿವರ ಆರನೇ ಹೆಜ್ಜೆಯಲ್ಲಿ ಮತ್ತೆ ಬೇಕಾಗುತ್ತದೆ.

ಪೋಸ್ಟ್‌ಗ್ರೆಸ್‌ನ ಟರ್ಮಿನಲ್ ಸಾಧನ ಪಿಎಸ್‌ಕ್ಯೂಎಲ್ ಮೂಲಕ ಒಳಗೆ ಹೋಗಲು: ಡಾಕರ್ ಎಕ್ಸೆಕ್ -ಐಟಿ ಡಿಬಿ ಪಿಎಸ್‌ಕ್ಯೂಎಲ್ -ಯು ಪೋಸ್ಟ್‌ಗ್ರೆಸ್. ಇಲ್ಲಿನ 'ಯು' ದೊಡ್ಡ ಅಕ್ಷರ. ಪಾಸ್‌ವರ್ಡ್ ಕೇಳದೆ ಒಳಗೆ ಬಿಡುತ್ತದೆ. ಬಹಳ ಜನ 'ಪಾಸ್‌ವರ್ಡ್ ಸರಿಯಾಗಿಯೇ ಇದೆ, ಒಳಗಿಂದ ಹೋಗುತ್ತಿದೆಯಲ್ಲ' ಎಂದು ವಾದಿಸುವುದು ಇದನ್ನು ನೋಡಿಯೇ. ಅಧಿಕೃತ ಇಮೇಜ್‌ನ ಪೂರ್ವನಿಯೋಜಿತ ಹೊಂದಿಕೆಯಲ್ಲಿ ಅದೇ ಕಂಟೇನರ್ ಒಳಗಿಂದ ಬಂದವರನ್ನು ಪೋಸ್ಟ್‌ಗ್ರೆಸ್ ಮನೆಯವರೆಂದು ನಂಬುತ್ತದೆ. ಹೊರಗಿಂದ ಬಂದವರನ್ನು ಮಾತ್ರ ಪಾಸ್‌ವರ್ಡ್ ಕೇಳುತ್ತದೆ. ಆದ್ದರಿಂದ ಈ ಪರೀಕ್ಷೆ ಸರ್ವರ್ ಎದ್ದಿದೆ ಎಂಬುದಕ್ಕಷ್ಟೇ ಸಾಕ್ಷಿ.

ಹೆಜ್ಜೆ 4: ಲ್ಯಾಪ್‌ಟಾಪ್‌ನಿಂದ ತಲುಪುವುದು

ಈಗ ನಿಂತಿರುವುದು ಲ್ಯಾಪ್‌ಟಾಪ್‌ನಲ್ಲಿ. ವಿಳಾಸ 127.0.0.1, ಪೋರ್ಟ್ 5433. ಡೇಟಾಬೇಸ್ ನೋಡುವ ಸಾಧನ ಯಾವುದಾದರೂ, ಡಿಬೀವರ್ ಆಗಲಿ, ವಿಎಸ್ ಕೋಡ್‌ನ ವಿಸ್ತರಣೆಯಾಗಲಿ, ಲ್ಯಾಪ್‌ಟಾಪ್‌ನಲ್ಲೇ ಹಾಕಿದ ಪಿಜಿಅಡ್ಮಿನ್ ಆಗಲಿ, ಕೇಳುವ ವಿವರ ಒಂದೇ: ಹೋಸ್ಟ್, ಪೋರ್ಟ್, ಡೇಟಾಬೇಸ್, ಬಳಕೆದಾರ, ಪಾಸ್‌ವರ್ಡ್. ಡಿಬೀವರ್‌ನಲ್ಲಿ ಬೇರೆ ಡೇಟಾಬೇಸ್‌ಗಳು ಕಾಣದಿದ್ದರೆ ಗಾಬರಿ ಬೇಡ. ಸಂಪರ್ಕದ ಹೊಂದಿಕೆಯಲ್ಲಿ ಎಲ್ಲ ಡೇಟಾಬೇಸ್ ತೋರಿಸುವ ಗುರುತು ಹಾಕಬೇಕು.

ಟರ್ಮಿನಲ್‌ನಲ್ಲಿ ಪಿಎಸ್‌ಕ್ಯೂಎಲ್ ಬಳಸುವಾಗ '-ಎಚ್' ಬಿಡಬೇಡಿ. ಹೋಸ್ಟ್ ಹೇಳದಿದ್ದರೆ ಮ್ಯಾಕ್, ಲಿನಕ್ಸ್‌ಗಳಲ್ಲಿ ಅದು ನೆಟ್‌ವರ್ಕ್ ಕಡೆ ತಿರುಗಿಯೂ ನೋಡದೆ ಲ್ಯಾಪ್‌ಟಾಪ್‌ನಲ್ಲಿ ಸಾಕೆಟ್ ಫೈಲ್ (ಒಂದೇ ಯಂತ್ರದ ಪ್ರೋಗ್ರಾಂಗಳು ಮಾತಾಡಿಕೊಳ್ಳುವ ಕಿಂಡಿ) ಹುಡುಕುತ್ತದೆ. ಆ ಫೈಲ್ ಇರುವುದು ಕಂಟೇನರ್ ಒಳಗೆ.

ಅಪ್ಲಿಕೇಶನ್‌ಗೆ ಸಾಮಾನ್ಯವಾಗಿ ಒಂದೇ ಸಾಲಿನ ಯುಆರ್‌ಎಲ್ ಬೇಕು: ಪೋಸ್ಟ್‌ಗ್ರೆಸ್‌ಕ್ಯೂಎಲ್://ಬಳಕೆದಾರ:ಪಾಸ್‌ವರ್ಡ್@127.0.0.1:5433/ಡೇಟಾಬೇಸ್. ಪಾಸ್‌ವರ್ಡ್‌ನೊಳಗೇ @ ಇದ್ದರೆ ಹೋಸ್ಟ್ ಎಲ್ಲಿ ಶುರುವಾಯಿತು ಎಂಬುದು ಓದುವ ಲೈಬ್ರರಿಗೆ ತಿಳಿಯದೆ ಹೋಗಬಹುದು. @ ಅನ್ನು %40 ಎಂದೂ # ಅನ್ನು %23 ಎಂದೂ ಬರೆಯಬೇಕು. ಅಭಿವೃದ್ಧಿಯ ಡೇಟಾಬೇಸ್‌ಗೆ ನಾನು ಅಕ್ಷರ, ಅಂಕಿ ಮಾತ್ರ ಇರುವ ಉದ್ದನೆಯ ಪಾಸ್‌ವರ್ಡ್ ಇಡುತ್ತೇನೆ, ಗೋಜಲೇ ಇಲ್ಲ.

ಹೆಜ್ಜೆ 5: ಪಕ್ಕದ ಕಂಟೇನರ್‌ನಿಂದ ತಲುಪುವುದು

ಅಪ್ಲಿಕೇಶನ್ ಕೂಡ ಕಂಟೇನರ್‌ಗೆ ಹೋದ ದಿನ ಮೇಲಿನ ವಿಳಾಸ ಕೆಡುತ್ತದೆ. ಎರಡನ್ನೂ ಒಂದೇ ನೆಟ್‌ವರ್ಕ್‌ನಲ್ಲಿ ಕೂರಿಸಬೇಕು: ಮೊದಲು 'ಡಾಕರ್ ನೆಟ್‌ವರ್ಕ್ ಕ್ರಿಯೇಟ್ ಒಳಬೀದಿ', ಆಮೇಲೆ ಎರಡೂ ರನ್ ಆದೇಶಗಳಿಗೆ '--ನೆಟ್‌ವರ್ಕ್ ಒಳಬೀದಿ' ಸೇರಿಸಿ. ಈ ಹೆಸರನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು. ನಾವೇ ಮಾಡಿದ ನೆಟ್‌ವರ್ಕ್‌ನಲ್ಲಿ ಕಂಟೇನರ್‌ಗಳು ಒಂದನ್ನೊಂದು ಹೆಸರಿನಿಂದ ಕರೆಯಬಲ್ಲವು. ಡಾಕರ್ ತಾನಾಗಿಯೇ ಕೊಡುವ 'ಬ್ರಿಜ್' ನೆಟ್‌ವರ್ಕ್‌ನಲ್ಲಿ ಆ ಸೌಲಭ್ಯವಿಲ್ಲ.

ಈಗ ಅಪ್ಲಿಕೇಶನ್‌ಗೆ ಹೋಸ್ಟ್ 'ಡಿಬಿ', ಪೋರ್ಟ್ 5432. ಗಮನಿಸಿ, 5433 ಅಲ್ಲ. ಅದು ಲ್ಯಾಪ್‌ಟಾಪ್ ಕಡೆಯ ಬಾಗಿಲು. ಒಳಬೀದಿಯಲ್ಲಿ ಓಡಾಡುವವರಿಗೆ ಅದರ ಸಂಬಂಧವಿಲ್ಲ. ಲ್ಯಾಪ್‌ಟಾಪ್‌ನಿಂದ ಯಾರೂ ನೋಡಬೇಕಾಗಿಲ್ಲ ಎಂದಾದರೆ '-ಪಿ' ಅನ್ನೇ ತೆಗೆದುಬಿಡಬಹುದು. ಪಿಜಿಅಡ್ಮಿನ್ ಅನ್ನೂ ಕಂಟೇನರ್‌ನಲ್ಲಿ ಓಡಿಸುವವರಿಗೂ ಇದೇ ಮಾತು: ಬ್ರೌಸರ್ ಲ್ಯಾಪ್‌ಟಾಪ್‌ನಲ್ಲಿದ್ದರೂ ಡೇಟಾಬೇಸ್‌ಗೆ ಕರೆ ಹೋಗುವುದು ಪಿಜಿಅಡ್ಮಿನ್ ಕಂಟೇನರ್‌ನಿಂದ.

ತಿರುವುಮುರುವು ಸಂದರ್ಭವೂ ಉಂಟು: ಡೇಟಾಬೇಸ್ ಲ್ಯಾಪ್‌ಟಾಪ್‌ನಲ್ಲಿ, ಅಪ್ಲಿಕೇಶನ್ ಕಂಟೇನರ್‌ನಲ್ಲಿ. ಡಾಕರ್ ಡೆಸ್ಕ್‌ಟಾಪ್‌ನಲ್ಲಿ 'ಹೋಸ್ಟ್.ಡಾಕರ್.ಇಂಟರ್ನಲ್' ಎಂಬ ಹೆಸರು ಲ್ಯಾಪ್‌ಟಾಪ್‌ಗೆ ಕರೆದೊಯ್ಯುತ್ತದೆ. ಲಿನಕ್ಸ್‌ನ ಡಾಕರ್ ಎಂಜಿನ್‌ನಲ್ಲಿ ಅದನ್ನು '--ಆ್ಯಡ್-ಹೋಸ್ಟ್=ಹೋಸ್ಟ್.ಡಾಕರ್.ಇಂಟರ್ನಲ್:ಹೋಸ್ಟ್-ಗೇಟ್‌ವೇ' ಎಂದು ನಾವೇ ಸೇರಿಸಬೇಕು.

ಹೆಜ್ಜೆ 6: ಕಂಪೋಸ್ ಫೈಲ್

ಇಷ್ಟನ್ನು ಪ್ರತಿ ಸಲ ಹೊಡೆಯುವುದು ಆಗದ ಮಾತು. ಡಾಕರ್ ಕಂಪೋಸ್ ಹಲವು ಕಂಟೇನರ್‌ಗಳ ಹೊಂದಿಕೆಯನ್ನು ಒಂದೇ ಫೈಲಿನಿಂದ ಓದಿ ಎಬ್ಬಿಸುತ್ತದೆ. ಕಂಪೋಸ್ ಫೈಲಿನಲ್ಲಿ 'ಸರ್ವಿಸಸ್' ಕೆಳಗೆ 'ಡಿಬಿ', 'ಆ್ಯಪ್' ಎಂದು ಎರಡು ಸೇವೆ ಬರೆಯಿರಿ. ಡಿಬಿ ಕೆಳಗೆ ಇಮೇಜ್, ಎನ್ವಿರಾನ್‌ಮೆಂಟ್, ಪೋರ್ಟ್ಸ್, ವಾಲ್ಯೂಮ್ಸ್. ಫೈಲಿನ ಕೊನೆಗೆ ಎಡ ಅಂಚಿನಲ್ಲೇ ಮತ್ತೊಮ್ಮೆ 'ವಾಲ್ಯೂಮ್ಸ್' ಎಂದು ಬರೆದು 'ಡಿಬಿಡೇಟಾ' ಹೆಸರಿಸಿ. ನೆಟ್‌ವರ್ಕ್ ಅನ್ನು ಕಂಪೋಸ್ ತಾನೇ ಮಾಡುತ್ತದೆ, ಸೇವೆಯ ಹೆಸರೇ ಹೋಸ್ಟ್ ಹೆಸರಾಗುತ್ತದೆ. ಮೇಲ್ಗಡೆ 'ವರ್ಷನ್' ಸಾಲು ಈಗ ಬೇಕಿಲ್ಲ. ಪಾಸ್‌ವರ್ಡ್‌ಗಳನ್ನು ಪಕ್ಕದ '.ಎನ್ವ್' ಫೈಲಿನಲ್ಲಿಟ್ಟು ಅದನ್ನು ಗಿಟ್‌ಗೆ ಸೇರಿಸದಿರಿ. ಕಂಪೋಸ್ ಫೈಲಿನೊಳಗೇ $ ಚಿಹ್ನೆ ಬರೆಯಬೇಕಾದರೆ $$ ಎಂದು ಎರಡು ಸಲ ಬರೆಯಬೇಕು.

ಡೇಟಾಬೇಸ್ ಏಳುವ ಮೊದಲೇ ಅಪ್ಲಿಕೇಶನ್ ಓಡಿಬಂದು, ಬಾಗಿಲು ಮುಚ್ಚಿದ್ದು ನೋಡಿ ಸಾಯುವುದು ಇಲ್ಲಿನ ನಿತ್ಯದ ಕಥೆ. ಬರೀ 'ಡಿಪೆಂಡ್ಸ್_ಆನ್' ಬರೆದರೆ ಕಂಟೇನರ್ ಶುರುವಾಯಿತೇ ಎಂದಷ್ಟೇ ನೋಡುತ್ತದೆ, ಪೋಸ್ಟ್‌ಗ್ರೆಸ್ ಸಿದ್ಧವೇ ಎಂದು ನೋಡುವುದಿಲ್ಲ. ಡಿಬಿ ಸೇವೆಗೆ 'ಹೆಲ್ತ್‌ಚೆಕ್' ಕೊಟ್ಟು, ಆ್ಯಪ್ ಕಡೆ 'ಕಂಡಿಷನ್: ಸರ್ವಿಸ್_ಹೆಲ್ದಿ' ಎಂದು ಬರೆಯಬೇಕು. ಪರೀಕ್ಷೆಯ ಆದೇಶ: ಪಿಜಿ_ಈಸ್‌ರೆಡಿ -ಎಚ್ 127.0.0.1 -ಯು ಪೋಸ್ಟ್‌ಗ್ರೆಸ್. ಇಲ್ಲೂ 'ಯು' ದೊಡ್ಡ ಅಕ್ಷರ. ಈ ವಿಳಾಸ ಒಳಗಿನದೇ, ಏಕೆಂದರೆ ಪರೀಕ್ಷೆ ನಡೆಯುವುದು ಡಿಬಿ ಕಂಟೇನರ್‌ನಲ್ಲೇ. '-ಎಚ್' ಬರೆಯಲು ಕಾರಣವಿದೆ: ಮೂರನೇ ಹೆಜ್ಜೆಯಲ್ಲಿ ಕಂಡ ತಾತ್ಕಾಲಿಕ ಸರ್ವರ್ ಸಾಕೆಟ್ ಮೂಲಕ ಮಾತ್ರ ಉತ್ತರಿಸುತ್ತದೆ. ಹೋಸ್ಟ್ ಹೇಳದೆ ಕೇಳಿದರೆ ಅದೇ 'ಸಿದ್ಧ' ಎಂದುಬಿಡುತ್ತದೆ, ಮರುಕ್ಷಣವೇ ನಿಂತೂ ಹೋಗುತ್ತದೆ. ಈ ಕಾವಲು ಶುರುವಿನಲ್ಲಿ ಮಾತ್ರ. ನಡುವೆ ಡೇಟಾಬೇಸ್ ಮರುಪ್ರಾರಂಭವಾದರೆ ಮತ್ತೆ ಸಂಪರ್ಕಿಸುವ ಜಾಣತನ ಅಪ್ಲಿಕೇಶನ್‌ಗೇ ಇರಬೇಕು.

ವಿಎಸ್ ಕೋಡ್‌ನ ಡೆವ್ ಕಂಟೇನರ್ ಬಳಸುವವರು ಇದೇ ಕಂಪೋಸ್ ಫೈಲನ್ನು ಅದಕ್ಕೆ ತೋರಿಸಬಹುದು. ಆಗ ಎಡಿಟರ್‌ನ ಟರ್ಮಿನಲ್ ಕೂಡ ಕಂಟೇನರ್ ಒಳಗೆ ನಿಂತಿರುತ್ತದೆ, ಅಲ್ಲಿಂದ ವಿಳಾಸ 'ಡಿಬಿ:5432'.

ಹೆಜ್ಜೆ 7: ಮೊದಲ ದಿನದ ತಯಾರಿ

ಇಮೇಜ್ ಹುಟ್ಟಿಸುವ ಬಳಕೆದಾರ ಸೂಪರ್‌ಯೂಸರ್, ಅಂದರೆ ಎಲ್ಲ ಹಕ್ಕೂ ಇರುವವನು. ಅಪ್ಲಿಕೇಶನ್‌ಗೆ ಅದನ್ನೇ ಕೊಡುವುದು ಸೋಮಾರಿತನ. '/ಡಾಕರ್-ಎಂಟ್ರಿಪಾಯಿಂಟ್-ಇನಿಟ್‌ಡಿಬಿ.ಡಿ' ಡೈರೆಕ್ಟರಿಯಲ್ಲಿಟ್ಟ ಎಸ್‌ಕ್ಯೂಎಲ್ ಮತ್ತು ಶೆಲ್ ಫೈಲುಗಳು ಹೆಸರಿನ ಕ್ರಮದಲ್ಲಿ ಓಡುತ್ತವೆ. 01, 02 ಎಂದು ಶುರುಮಾಡಿ ಹೆಸರಿಡಿ. ಅಲ್ಲಿ ಅಪ್ಲಿಕೇಶನ್‌ಗೆ ಬೇರೆ ಬಳಕೆದಾರನನ್ನು ಮಾಡಿ, ಡೇಟಾಬೇಸ್ ಹುಟ್ಟಿಸುವಾಗಲೇ ಅವನನ್ನು ಒಡೆಯನನ್ನಾಗಿಸಿ. 15ನೇ ಆವೃತ್ತಿಯಿಂದ 'ಪಬ್ಲಿಕ್' ಸ್ಕೀಮಾದಲ್ಲಿ ಟೇಬಲ್ ಮಾಡುವ ಹಕ್ಕು ಎಲ್ಲರಿಗೂ ತಾನಾಗಿ ಸಿಗುವುದಿಲ್ಲ. ಒಡೆತನ ಕೊಡದಿದ್ದರೆ ಮೊದಲ ಮೈಗ್ರೇಷನ್ (ಟೇಬಲ್‌ಗಳನ್ನು ರೂಪಿಸುವ ಸ್ಕ್ರಿಪ್ಟ್) ಅನುಮತಿ ಇಲ್ಲವೆಂದು ನಿಲ್ಲುತ್ತದೆ.

ಈ ಫೈಲುಗಳೂ, ಪಾಸ್‌ವರ್ಡ್ ಮೊದಲಾದ ವೇರಿಯಬಲ್‌ಗಳೂ ಡೇಟಾ ಡೈರೆಕ್ಟರಿ ಖಾಲಿ ಇದ್ದಾಗ ಮಾತ್ರ ಲೆಕ್ಕಕ್ಕೆ. ಆಮೇಲೆ ಕಂಪೋಸ್ ಫೈಲಿನಲ್ಲಿ ಪಾಸ್‌ವರ್ಡ್ ತಿದ್ದಿ ಎಷ್ಟು ಸಲ ಮರುಪ್ರಾರಂಭಿಸಿದರೂ ಹಳೆಯದೇ ನಡೆಯುತ್ತದೆ. ಬದಲಿಸಲು ಪಿಎಸ್‌ಕ್ಯೂಎಲ್ ಒಳಗೆ ಹೋಗಿ '\ಪಾಸ್‌ವರ್ಡ್' ಆದೇಶ ಕೊಡಬೇಕು.

ಹೆಜ್ಜೆ 8: ಡೇಟಾ ಎಲ್ಲಿದೆ ಎಂದು ತಿಳಿದಿರುವುದು

ಕಂಟೇನರ್ ಅಳಿಸಿದರೂ ಹೆಸರಿಟ್ಟ ವಾಲ್ಯೂಮ್ ಉಳಿಯುತ್ತದೆ. 'ಡಾಕರ್ ಕಂಪೋಸ್ ಡೌನ್' ನಿರಪಾಯ. ಅದಕ್ಕೆ '-ವಿ' ಸೇರಿಸಿದರೆ ವಾಲ್ಯೂಮೂ ಹೋಗುತ್ತದೆ, 'ಖಚಿತವೇ' ಎಂದು ಒಂದು ಮಾತೂ ಕೇಳುವುದಿಲ್ಲ. ರನ್ ಆದೇಶದಲ್ಲಿ ಡೇಟಾ ಜೋಡಿಸುವ '-ವಿ', ಇಲ್ಲಿ ಡೇಟಾ ಅಳಿಸುವ '-ವಿ'. ಇದನ್ನು ಹೀಗೆ ಯೋಚಿಸಿದವರಿಗೆ ನಮಸ್ಕಾರ.

ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಬೇರೆ. ಒಮ್ಮೆ ಪ್ರಾಜೆಕ್ಟ್ ಇದ್ದ ಫೋಲ್ಡರ್‌ನ ಹೆಸರು ಬದಲಿಸಿ ಕಂಪೋಸ್ ಎಬ್ಬಿಸಿದರೆ ಡೇಟಾಬೇಸ್ ಪೂರ್ತಿ ಖಾಲಿ. ಯಾವ ದೋಷವೂ ಇಲ್ಲ, ಟೇಬಲ್‌ಗಳೂ ಇಲ್ಲ. ಕಂಪೋಸ್ ವಾಲ್ಯೂಮ್ ಹೆಸರಿನ ಮುಂದೆ ಪ್ರಾಜೆಕ್ಟ್ ಹೆಸರು ಅಂಟಿಸುತ್ತದೆ, ಪ್ರಾಜೆಕ್ಟ್ ಹೆಸರು ಫೋಲ್ಡರ್‌ನಿಂದ ಬರುತ್ತದೆ. ಹೊಸ ಹೆಸರು, ಹೊಸ ವಾಲ್ಯೂಮ್. ಹಳೆಯದು ತನ್ನ ಪಾಡಿಗೆ ಅಲ್ಲೇ ಇತ್ತು. 'ಡಾಕರ್ ವಾಲ್ಯೂಮ್ ಎಲ್‌ಎಸ್' ಹೊಡೆದಾಗ ಎರಡೂ ಕಂಡವು, ಉಸಿರು ಬಂತು. ಅಂದಿನಿಂದ ಕಂಪೋಸ್ ಫೈಲಿನ ಮೊದಲ ಸಾಲಿನಲ್ಲೇ 'ನೇಮ್:' ಎಂದು ಪ್ರಾಜೆಕ್ಟ್ ಹೆಸರು ಬರೆದಿಡುತ್ತೇನೆ.

ವಾಲ್ಯೂಮ್ ಇದೆ ಎಂದರೆ ಬ್ಯಾಕಪ್ ಇದೆ ಎಂದಲ್ಲ. ಬ್ಯಾಕಪ್‌ಗೆ ಪಿಜಿ_ಡಂಪ್: ಕಂಟೇನರ್ ಒಳಗೆ '-ಎಫ್‌ಸಿ' (ಎಫ್ ದೊಡ್ಡದು, ಸಿ ಸಣ್ಣದು) ರೂಪದಲ್ಲಿ '-ಎಫ್ /ಟಿಎಂಪಿ/ನಕಲು.ಡಂಪ್' ಎಂದು ಬರೆಸಿ, 'ಡಾಕರ್ ಸಿಪಿ' ಮೂಲಕ ಹೊರಗೆ ತನ್ನಿ. ಎಕ್ಸೆಕ್‌ನ ಔಟ್‌ಪುಟ್ ಅನ್ನು ನೇರ ಫೈಲಿಗೆ ತಿರುಗಿಸುವವರು '-ಟಿ' ಹಾಕಬಾರದು. ಹುಸಿ ಟರ್ಮಿನಲ್ ಪ್ರತಿ ಸಾಲಿನ ಕೊನೆಗೂ ಹೆಚ್ಚುವರಿ ಅಕ್ಷರ ತುರುಕಿ ಡಂಪ್ ಹಾಳುಮಾಡುತ್ತದೆ, ಅದು ಗೊತ್ತಾಗುವುದು ಮರಳಿ ತುಂಬಲು ಹೋದ ದಿನ. ಪಿಜಿ_ಡಂಪ್ ಬಳಕೆದಾರರನ್ನು ಹೊತ್ತು ತರುವುದಿಲ್ಲ, ಅವರಿಗೆ 'ಪಿಜಿ_ಡಂಪ್‌ಆಲ್ --ಗ್ಲೋಬಲ್ಸ್-ಓನ್ಲಿ' ಬೇಕು. ಆವೃತ್ತಿ ಏರಿಸುವುದಕ್ಕೂ ಸುಲಭದ ದಾರಿ ಇದೇ: ಹಳೆಯದರಿಂದ ಡಂಪ್, ಬೇರೆ ಹೆಸರಿನ ಹೊಸ ವಾಲ್ಯೂಮ್‌ನ ಮೇಲೆ ಹೊಸ ಆವೃತ್ತಿ, ಅದರೊಳಗೆ ಪಿಜಿ_ರಿಸ್ಟೋರ್. ಹೊಸದು ಸರಿಯಾಗಿ ನಡೆಯುವುದು ಕಾಣುವ ತನಕ ಹಳೆಯ ವಾಲ್ಯೂಮ್ ಮುಟ್ಟಬೇಡಿ.

ತಲುಪದಿದ್ದಾಗ ದೋಷವನ್ನು ಓದುವುದು

'ಕನೆಕ್ಷನ್ ರೆಫ್ಯೂಸ್ಡ್' ಎಂದರೆ ಆ ವಿಳಾಸದ ಆ ಪೋರ್ಟ್‌ನಲ್ಲಿ ಕೇಳಿಸಿಕೊಳ್ಳುವವರೇ ಇಲ್ಲ. ಕಂಟೇನರ್‌ನಿಂದ ಲೋಕಲ್‌ಹೋಸ್ಟ್ ಕರೆದಿರಬಹುದು, ಒಳಬೀದಿಯಲ್ಲಿ 5433 ಬಳಸಿರಬಹುದು, ಇಲ್ಲವೇ ಸರ್ವರ್ ಇನ್ನೂ ಏಳುತ್ತಿರಬಹುದು. 'ಡಾಕರ್ ಪೋರ್ಟ್ ಡಿಬಿ' ಯಾವ ಬಾಗಿಲು ತೆರೆದಿದೆ ಎಂದು ಹೇಳುತ್ತದೆ.

ಹೋಸ್ಟ್ ಹೆಸರು ಅರ್ಥವಾಗಲಿಲ್ಲ ಎಂಬ ದೂರು ಬಂದರೆ 'ಡಿಬಿ' ಎಂಬ ಹೆಸರನ್ನು ಲ್ಯಾಪ್‌ಟಾಪ್‌ನಿಂದ ಕರೆದಿದ್ದೀರಿ, ಅಥವಾ ಎರಡು ಕಂಟೇನರ್‌ಗಳು ಬೇರೆ ಬೇರೆ ನೆಟ್‌ವರ್ಕ್‌ನಲ್ಲಿವೆ.

'ಪಾಸ್‌ವರ್ಡ್ ಅಥೆಂಟಿಕೇಷನ್ ಫೇಲ್ಡ್' ಒಂದು ರೀತಿಯಲ್ಲಿ ಸಿಹಿಸುದ್ದಿ; ಯಾವುದೋ ಪೋಸ್ಟ್‌ಗ್ರೆಸ್‌ವರೆಗೆ ದಾರಿ ಇದೆ. ನಿಮ್ಮದೇ ಪೋಸ್ಟ್‌ಗ್ರೆಸ್ ಹೌದೇ ಎಂದು ನೋಡಲು 'ಡಾಕರ್ ಲಾಗ್ಸ್ -ಎಫ್ ಡಿಬಿ' ತೆರೆದಿಟ್ಟು ಇನ್ನೊಮ್ಮೆ ಪ್ರಯತ್ನಿಸಿ. ವಿಫಲ ಯತ್ನದ ಸಾಲು ಅಲ್ಲಿ ಬಿದ್ದರೆ ಪಾಸ್‌ವರ್ಡ್ ನೋಡಿ. ಏನೂ ಬೀಳದಿದ್ದರೆ ನೀವು ಬೇರೆ ಯಾರದೋ ಬಾಗಿಲಲ್ಲಿ ನಿಂತಿದ್ದೀರಿ.

ತಲುಪಿದ ಮೇಲೂ ದೊಡ್ಡ ಕ್ವೆರಿಗಳಲ್ಲಿ ಹಂಚಿಕೊಂಡ ಮೆಮೊರಿ ಹಿಗ್ಗಿಸಲಾಗಲಿಲ್ಲ ಎಂಬ ದೋಷ ಬಂದರೆ, ಅದು ಲ್ಯಾಪ್‌ಟಾಪ್‌ನ ರ‍್ಯಾಮ್ ಕೊರತೆಯೇ ಆಗಬೇಕೆಂದಿಲ್ಲ. ಕಂಟೇನರ್‌ಗೆ ಡಾಕರ್ ಕೊಡುವ ಹಂಚಿಕೆಯ ಮೆಮೊರಿ ಬರೀ 64 ಎಂಬಿ, ಸಮಾನಾಂತರ ಕ್ವೆರಿಗಳಿಗೆ ಅದು ಸಾಲದಿರಬಹುದು. ರನ್ ಆದೇಶಕ್ಕೆ '--ಎಸ್‌ಎಚ್‌ಎಂ-ಸೈಜ್=256ಎಂಬಿ' ಸೇರಿಸಿ, ಕಂಪೋಸ್‌ನಲ್ಲಾದರೆ 'ಎಸ್‌ಎಚ್‌ಎಂ_ಸೈಜ್' ಸಾಲು ಬರೆದು ಕಂಟೇನರ್ ಹೊಸದಾಗಿ ಎಬ್ಬಿಸಿ. ಡೇಟಾ ವಾಲ್ಯೂಮ್‌ನಲ್ಲಿದೆಯಲ್ಲ, ಹಳೆಯ ಕಂಟೇನರ್ ಅಳಿಸಲು ಹೆದರಬೇಕಿಲ್ಲ.